ಎಚ್‌ಐವಿ ಜೊತೆ ಸಿಫಿಲಿಸ್ ಬಂದಾಗ: ಸಿಡಿ4 ಇಳಿದದ್ದನ್ನು ಅರ್ಥಮಾಡಿಕೊಳ್ಳುವ, ಚಿಕಿತ್ಸೆಯನ್ನು ಪೂರ್ತಿ ಮುಗಿಸುವ ಬಗೆ

ಐದು ವರ್ಷಗಳಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ರಾತ್ರಿಯೂ ತಪ್ಪಿಸದೆ ನುಂಗುತ್ತಿರುವ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವರ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ಎಚ್‌ಐವಿಯ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲಿತ್ತು; ಸಿಡಿ4 ಎಣಿಕೆ, ಅಂದರೆ ಎಚ್‌ಐವಿ ದಾಳಿಮಾಡುವ ರಕ್ಷಣಾ ಕೋಶಗಳ ಸಂಖ್ಯೆ, 640 ಇತ್ತು. ಒಂದು ವಾರ ಸಣ್ಣಗೆ ಜ್ವರ ಬರುತ್ತದೆ, ಕುತ್ತಿಗೆಯಲ್ಲೂ ತೊಡೆಸಂದಿಯಲ್ಲೂ ಗಂಟುಗಳು ಕೈಗೆ ಸಿಗುತ್ತವೆ, ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಚುಕ್ಕೆಗಳು ಏಳುತ್ತವೆ. ಅವು ತುರಿಸುವುದಿಲ್ಲ, ನೋಯುವುದೂ ಇಲ್ಲ. ಮೈಗೆ ಉಷ್ಣವಾಗಿರಬೇಕೆಂದು ಮನೆಯವರು ಎಳನೀರು ಕುಡಿಸುತ್ತಾರೆ. ಮಾತ್ರೆಯೇ ಒಗ್ಗುತ್ತಿಲ್ಲವೇನೋ ಎಂದು ಅವರಿಗೆ ಒಳಗೊಳಗೇ ಅನುಮಾನ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಸಿಡಿ4 540ಕ್ಕೆ ಇಳಿದಿರುತ್ತದೆ, ವೈರಲ್ ಲೋಡ್ 380 ಎಂದು ಬಂದಿರುತ್ತದೆ. ಔಷಧಿ ಕೈಕೊಟ್ಟಿತು ಎಂದು ಅವರ ಜೀವ ಬಾಯಿಗೆ ಬರುತ್ತದೆ. ಆದರೆ ಅದೇ ರಕ್ತದಲ್ಲಿ ಮಾಡಿದ, ಸಿಫಿಲಿಸ್ ಪತ್ತೆಹಚ್ಚುವ ಆರ್‌ಪಿಆರ್ ಪರೀಕ್ಷೆಯ ಮುಂದೆ ‘ರಿಯಾಕ್ಟಿವ್, 1:64’ ಎಂದು ಬರೆದಿದೆ. ಅಂದರೆ ಅವರಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ತಗುಲಿದೆ, ಅದೂ ಎರಡನೆಯ ಹಂತದಲ್ಲಿದೆ.

ಹೀಗೆ ವರದಿ ಹಿಡಿದು ಕುಳಿತವರು ಮುಂದೆ ಏನು ಮಾಡಬೇಕು, ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕು, ಯಾವುದಕ್ಕೆ ಗಾಬರಿಯಾಗಬಾರದು, ಯಾವುದಕ್ಕೆ ಒಂದು ದಿನವೂ ತಡಮಾಡಬಾರದು ಎಂಬುದನ್ನು ಹೇಳಲು ಈ ಬರಹ. ಇದರಲ್ಲಿ ನಾನು ಮುಖ್ಯವೆಂದು ಭಾವಿಸುವ ಮಾತು ಒಂದೇ: ಸಿಫಿಲಿಸ್‌ನಿಂದ ಇಳಿದ ಸಿಡಿ4 ಎಣಿಕೆ ಸಾಮಾನ್ಯವಾಗಿ ಚಿಕಿತ್ಸೆಯ ನಂತರ ಮೇಲೇರುತ್ತದೆ, ಆದರೆ ಸಿಫಿಲಿಸ್‌ನಿಂದ ಕಳೆದುಹೋದ ಕಣ್ಣಿನ ದೃಷ್ಟಿಯೋ ಕಿವಿಯ ಶಕ್ತಿಯೋ ಹಾಗೆ ಮರಳುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಎಣಿಕೆಯ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು, ಸಿಫಿಲಿಸ್‌ಅನ್ನು ಬೇಗ ಗುರುತಿಸಿ ಪೂರ್ತಿ ಗುಣಪಡಿಸಿಕೊಳ್ಳುವುದರ ಕಡೆಗೆ ಗಮನ ಕೊಡಬೇಕು.

ದೇಹದೊಳಗೆ ನಡೆಯುವುದೇನು

ನಮ್ಮ ಹಿರಿಯರು ಪರಂಗಿ ಹುಣ್ಣು ಎಂದು ಕರೆಯುತ್ತಿದ್ದ ಸಿಫಿಲಿಸ್, ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದಿಂದ ಬರುವ ರೋಗ. 1905ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಜ್ ಶೌಡಿನ್ ಮತ್ತು ಎರಿಕ್ ಹಾಫ್‌ಮನ್ ಇದನ್ನು ಗುರುತಿಸಿದರು. ಇದು ವೈರಸ್ ಅಲ್ಲ, ಆದ್ದರಿಂದ ಎಆರ್‌ಟಿ ಮಾತ್ರೆ ಇದರ ಮೇಲೆ ಏನೂ ಕೆಲಸ ಮಾಡುವುದಿಲ್ಲ. ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಬೇರೆ ಸೋಂಕುಗಳೂ ಅದರಲ್ಲೇ ಹತೋಟಿಗೆ ಬರುತ್ತವೆ ಎಂಬ ನಂಬಿಕೆ ಹಲವರಲ್ಲಿದೆ; ಅದು ತಪ್ಪು.

ಈ ಬ್ಯಾಕ್ಟೀರಿಯಾ ಒಳಹೊಕ್ಕ ಜಾಗದಲ್ಲಿ ಮೊದಲು ಒಂದು ಹುಣ್ಣು ಏಳುತ್ತದೆ. ಆ ಹುಣ್ಣಿನ ಬುಡಕ್ಕೆ ದೇಹ ತನ್ನ ರಕ್ಷಣಾ ಕೋಶಗಳನ್ನು ಕಳಿಸುತ್ತದೆ, ಹಾಗೆ ಬಂದು ಸೇರುವವುಗಳಲ್ಲಿ ಸಿಡಿ4 ಕೋಶಗಳು ಬಹಳ. ಬ್ಯಾಕ್ಟೀರಿಯಾದ ಮೈಮೇಲಿನ ಕೊಬ್ಬು ಬೆರೆತ ಪ್ರೋಟೀನ್‌ಗಳು ಈ ಕೋಶಗಳನ್ನು ಕೆರಳಿಸುತ್ತವೆ. ಕೆರಳಿದ ಕೋಶದ ಮೇಲ್ಮೈಯಲ್ಲಿ ಸಿಸಿಆರ್5 ಎಂಬ ಗ್ರಾಹಕಗಳು ಹೆಚ್ಚುತ್ತವೆ. ಎಚ್‌ಐವಿ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲುಗಳಲ್ಲಿ ಇದೂ ಒಂದು. ಅದೂ ಅಲ್ಲದೆ, ಸುಮ್ಮನೆ ಮಲಗಿದ್ದ ಕೋಶದಲ್ಲಿ ಎಚ್‌ಐವಿ ಕೂಡ ಮಲಗಿರುತ್ತದೆ, ಕೋಶ ಎಚ್ಚೆತ್ತರೆ ವೈರಸ್ಸೂ ಎಚ್ಚೆತ್ತು ತನ್ನ ಪ್ರತಿಗಳನ್ನು ಮಾಡತೊಡಗುತ್ತದೆ. ಸಿಫಿಲಿಸ್‌ನ ಮೊದಲ ಎರಡು ಹಂತಗಳಲ್ಲಿ ವೈರಲ್ ಲೋಡ್ ತುಸು ಏರುವುದಕ್ಕೂ ಸಿಡಿ4 ತುಸು ಇಳಿಯುವುದಕ್ಕೂ ಕಾರಣ ಇದೇ.

ಎಷ್ಟು ಇಳಿಯುತ್ತದೆ? 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎಚ್‌ಐವಿ ಇದ್ದು ಹೊಸದಾಗಿ ಸಿಫಿಲಿಸ್ ತಗುಲಿದ 52 ಪುರುಷರ ಸಿಡಿ4 ಎಣಿಕೆ ಸರಾಸರಿ 62ರಷ್ಟು ಇಳಿದಿತ್ತು, ವೈರಲ್ ಲೋಡ್ ಸ್ವಲ್ಪ ಏರಿತ್ತು. ಮಾತ್ರೆಯಿಂದ ವೈರಸ್ ಹತೋಟಿಯಲ್ಲಿದ್ದವರಲ್ಲಿ ಈ ಏರಿಳಿತ ಇನ್ನೂ ಕಡಿಮೆ. ಸಿಫಿಲಿಸ್ ಗುಣವಾದ ಮೇಲೆ ಹೆಚ್ಚಿನವರಲ್ಲಿ ಎರಡೂ ಅಂಕಿಗಳು ಮೊದಲಿನ ಮಟ್ಟದ ಹತ್ತಿರಕ್ಕೆ ಬರುತ್ತವೆ. ಮಾತ್ರೆಯನ್ನೇ ಆರಂಭಿಸದವರಲ್ಲಿ, ಅಥವಾ ಆಗಾಗ ಬಿಟ್ಟು ಬಿಟ್ಟು ತೆಗೆದುಕೊಳ್ಳುವವರಲ್ಲಿ ಸಿಫಿಲಿಸ್ ಕೊಡುವ ಪೆಟ್ಟು ಜೋರು. ಅವರ ವೈರಲ್ ಲೋಡ್ ಮೊದಲೇ ಹೆಚ್ಚಿರುತ್ತದೆ, ಅದರ ಮೇಲೆ ಹುಣ್ಣೂ ಸೇರಿದರೆ ಸಂಗಾತಿಗೆ ಎಚ್‌ಐವಿ ದಾಟುವ ಸಾಧ್ಯತೆ ಹಲವು ಪಟ್ಟು ಏರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ವೈರಲ್ ಲೋಡ್ ಕೆಲವು ನೂರರಷ್ಟು ಏರಿದ್ದಕ್ಕೆ ಸಿಫಿಲಿಸ್ ಕಾರಣವಿರಬಹುದು. ಹಲವು ಸಾವಿರಕ್ಕೆ ಏರಿದ್ದರೆ ಸಿಫಿಲಿಸ್‌ನ ಮೇಲೆ ಹೊಣೆ ಹೊರಿಸಿ ಸುಮ್ಮನಾಗಬಾರದು. ಅಷ್ಟು ಏರಿಕೆಗೆ ಬಹುಪಾಲು ಕಾರಣ ಮಾತ್ರೆ ತಪ್ಪಿರುವುದು, ಇಲ್ಲವೇ ಔಷಧಿ ನಿರೋಧ ಬೆಳೆದಿರುವುದು. ವೈರಲ್ ಲೋಡ್ 1000 ದಾಟಿದರೆ ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರು ಕೂರಿಸಿ ಮಾತನಾಡಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಆ ಮಾತುಕತೆಯಲ್ಲಿ ತಪ್ಪಿದ ಮಾತ್ರೆಗಳ ಲೆಕ್ಕವನ್ನು ಮುಚ್ಚಿಡದೆ ಹೇಳಿಬಿಡಿ.

ಯಾವಾಗ ಪರೀಕ್ಷೆ ಮಾಡಿಸಬೇಕು

ಎಚ್‌ಐವಿ ಇದೆಯೆಂದು ತಿಳಿದ ಮೊದಲ ಭೇಟಿಯಲ್ಲೇ ಸಿಫಿಲಿಸ್ ಪರೀಕ್ಷೆಯೂ ಆಗಬೇಕು. ಲೈಂಗಿಕವಾಗಿ ಸಕ್ರಿಯರಾಗಿರುವವರು ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಿಸಿಕೊಳ್ಳಬೇಕು. ಹೊಸ ಸಂಗಾತಿಗಳಿದ್ದರೆ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದರೆ, ಇಲ್ಲವೇ ಹಿಂದೊಮ್ಮೆ ಸಿಫಿಲಿಸ್ ಬಂದು ಹೋಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸುವುದು ಒಳ್ಳೆಯದು. ಒಮ್ಮೆ ಬಂದು ವಾಸಿಯಾದ ರೋಗ ಮತ್ತೆ ಬರುವುದಿಲ್ಲ ಎಂಬುದು ಸಿಡುಬಿನ ವಿಷಯದಲ್ಲಿ ನಿಜವಿರಬಹುದು, ಸಿಫಿಲಿಸ್‌ನಲ್ಲಿ ಅಲ್ಲ. ಇದು ಎಷ್ಟು ಸಲ ಬೇಕಾದರೂ ಬರುತ್ತದೆ.

ಲಕ್ಷಣಕ್ಕಾಗಿ ಕಾಯಬೇಡಿ ಎನ್ನುವುದಕ್ಕೆ ಕಾರಣವಿದೆ. ಸೋಂಕು ತಗುಲಿದ 10ರಿಂದ 90 ದಿನಗಳ ಒಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಏಳುವ ಮೊದಲ ಹುಣ್ಣು ನೋಯುವುದಿಲ್ಲ. ಮುಟ್ಟಿದರೆ ಅಂಚು ಗಟ್ಟಿಯಾಗಿರುತ್ತದೆ, ನಡುಭಾಗ ಸ್ವಚ್ಛವಾಗಿರುತ್ತದೆ, ಕೀವು ಇರುವುದಿಲ್ಲ. ಅದು ಗುದದ್ವಾರದೊಳಗೋ, ಯೋನಿಯ ಒಳಗೋ, ಗಂಟಲಲ್ಲೋ ಇದ್ದರೆ ಇದ್ದದ್ದೇ ತಿಳಿಯುವುದಿಲ್ಲ. ಚಿಕಿತ್ಸೆ ಇಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ಅದು ಮಾಯುತ್ತದೆ, ಮುಲಾಮು ಹಚ್ಚಿದವರು ಮುಲಾಮಿನಿಂದ ವಾಸಿಯಾಯಿತೆಂದು ತಿಳಿಯುತ್ತಾರೆ. ಬಳಿಕ ಬರುವ ಎರಡನೆಯ ಹಂತದಲ್ಲಿ ಮೈಮೇಲೆ ಚುಕ್ಕೆಗಳು, ಬಾಯೊಳಗೆ ಬಿಳಿಚಿದ ಕಲೆಗಳು, ಅಲ್ಲಲ್ಲಿ ಹುಳು ತಿಂದಂತೆ ಉದುರಿದ ಕೂದಲು, ಜನನಾಂಗದ ಸುತ್ತ ಒದ್ದೆಯಾದ ಚಪ್ಪಟೆ ಗಂಟುಗಳು, ಜ್ವರ, ಸುಸ್ತು ಕಾಣಬಹುದು. ಅವೂ ತಾವಾಗಿಯೇ ಅಡಗುತ್ತವೆ. ಅದಾದ ಮೇಲೆ ರೋಗ ವರ್ಷಗಟ್ಟಲೆ ರಕ್ತ ಪರೀಕ್ಷೆಯಲ್ಲಿ ಮಾತ್ರ ಕಾಣುವ ಗುಪ್ತ ಹಂತದಲ್ಲಿರುತ್ತದೆ.

ಎಚ್‌ಐವಿ ಇರುವವರಲ್ಲಿ ಈ ಕ್ರಮ ಕೆಲವೊಮ್ಮೆ ಕಲಸಿಹೋಗುತ್ತದೆ. ಒಂದೇ ಹುಣ್ಣಿನ ಬದಲು ಹಲವು ಹುಣ್ಣುಗಳು ಏಳಬಹುದು, ಮೊದಲ ಹುಣ್ಣು ಮಾಯುವ ಮೊದಲೇ ಎರಡನೆಯ ಹಂತದ ಚುಕ್ಕೆಗಳು ಬರಬಹುದು. ಸಿಡಿ4 ತೀರ ಕಡಿಮೆ ಇರುವ ಕೆಲವರಲ್ಲಿ ಮೈತುಂಬ ಆಳವಾದ, ಹಕ್ಕಳೆಗಟ್ಟಿದ ಹುಣ್ಣುಗಳಾಗುವ ಉಗ್ರ ರೂಪವೂ ಅಪರೂಪಕ್ಕೆ ಕಾಣಿಸುತ್ತದೆ. ಆದ್ದರಿಂದ ಅಂಗೈ ಅಂಗಾಲಿನಲ್ಲಿ ತುರಿಸದ ಚುಕ್ಕೆ ಕಂಡರೆ, ಅದು ಮಾತ್ರೆಯ ಅಲರ್ಜಿಯೆಂದು ನೀವೇ ತೀರ್ಮಾನಿಸಿ ಎಆರ್‌ಟಿ ನಿಲ್ಲಿಸಬೇಡಿ. ಚುಕ್ಕೆಗಳನ್ನು ವೈದ್ಯರಿಗೆ ತೋರಿಸಿ, ‘ಆರ್‌ಪಿಆರ್ ಮಾಡಿಸೋಣವೇ’ ಎಂದು ಬಾಯಿಬಿಟ್ಟು ಕೇಳಿ. ಕಾರಣ ತಿಳಿಯದೆ ಸಿಡಿ4 ಇಳಿದಾಗಲೂ, ಸದಾ ಹತೋಟಿಯಲ್ಲಿದ್ದ ವೈರಲ್ ಲೋಡ್ ಇದ್ದಕ್ಕಿದ್ದಂತೆ ಸ್ವಲ್ಪ ತಲೆ ಎತ್ತಿದಾಗಲೂ ಇದೇ ಪ್ರಶ್ನೆ ಕೇಳಬೇಕು. ವೈರಲ್ ಲೋಡ್ ಹತೋಟಿಯಲ್ಲಿದ್ದು ಸಿಡಿ4 350ಕ್ಕಿಂತ ಮೇಲಿರುವವರಿಗೆ ಈಗ ಪದೇ ಪದೇ ಸಿಡಿ4 ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಹಾಗಾಗಿ ಎಣಿಕೆಯೇ ಸುಳಿವು ಕೊಡುತ್ತದೆಂದು ನಂಬಿ ಕೂರುವಂತಿಲ್ಲ.

ವರದಿಯನ್ನು ಓದುವ ಕ್ರಮ

ಸಿಫಿಲಿಸ್‌ಗೆ ಎರಡು ಬಗೆಯ ರಕ್ತ ಪರೀಕ್ಷೆಗಳಿವೆ, ಇವೆರಡರ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಟಿಪಿಎಚ್‌ಎ ಮತ್ತು ಬೆರಳ ತುದಿಯ ಹನಿ ರಕ್ತದಲ್ಲಿ ಮಾಡುವ ಸಾಮಾನ್ಯ ರ‍್ಯಾಪಿಡ್ ಪರೀಕ್ಷೆಗಳು ಸಿಫಿಲಿಸ್ ಬ್ಯಾಕ್ಟೀರಿಯಾದ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು, ಅಂದರೆ ದೇಹ ತಯಾರಿಸುವ ರಕ್ಷಣಾ ಪ್ರೋಟೀನ್‌ಗಳನ್ನು, ಹುಡುಕುತ್ತವೆ. ಇವು ಒಮ್ಮೆ ಪಾಸಿಟಿವ್ ಆದರೆ ಬಹುಮಂದಿಯಲ್ಲಿ ಜೀವನಪರ್ಯಂತ ಪಾಸಿಟಿವ್ ಆಗಿಯೇ ಉಳಿಯುತ್ತವೆ, ರೋಗ ಪೂರ್ತಿ ವಾಸಿಯಾಗಿದ್ದರೂ ಕೂಡ. ಹಿಂದೆ ಚಿಕಿತ್ಸೆ ಪಡೆದವರು ಈ ವರದಿಯನ್ನು ನೋಡಿ ಮತ್ತೆ ರೋಗ ಬಂದಿದೆಯೆಂದು ಕಂಗಾಲಾಗಬೇಕಿಲ್ಲ.

ಆರ್‌ಪಿಆರ್ ಮತ್ತು ವಿಡಿಆರ್‌ಎಲ್ ಪರೀಕ್ಷೆಗಳು ಬೇರೆ. ರೋಗ ಈಗ ಚುರುಕಾಗಿದೆಯೇ, ಚಿಕಿತ್ಸೆಗೆ ಬಗ್ಗುತ್ತಿದೆಯೇ ಎಂಬುದನ್ನು ಹೇಳುವುದು ಇವು. ಆರ್‌ಪಿಆರ್ ಪರೀಕ್ಷೆಯಲ್ಲಿ ಬಿಳಿ ಕಾರ್ಡಿನ ಮೇಲಿನ ವೃತ್ತದೊಳಗೆ ನಿಮ್ಮ ರಕ್ತದ ಸೀರಮ್ (ರಕ್ತಕಣಗಳನ್ನು ಬೇರ್ಪಡಿಸಿದ ತಿಳಿ ದ್ರವ) ಹಾಕಿ, ಇದ್ದಿಲ ಕಣಗಳಿರುವ ದ್ರವದ ಹನಿಯನ್ನು ಸೇರಿಸಿ, ಕಾರ್ಡನ್ನು ಕೆಲವು ನಿಮಿಷ ತಿರುಗಿಸುತ್ತಾರೆ. ಕಪ್ಪು ಕಣಗಳು ರವೆಯಂತೆ ಒಡೆದು ಗುಂಪುಗೂಡಿದರೆ ರಿಯಾಕ್ಟಿವ್. ಬೂದು ಬಣ್ಣದಲ್ಲಿ ಸಮನಾಗಿ ಹರಡಿಕೊಂಡಿದ್ದರೆ ನಾನ್‌ರಿಯಾಕ್ಟಿವ್. ಆಮೇಲೆ ಸೀರಮ್ಮನ್ನು ಪ್ರತಿ ಬಾರಿ ಎರಡು ಪಟ್ಟು ತೆಳುಮಾಡುತ್ತ ಹೋಗುತ್ತಾರೆ, ಒಂದು ಲೋಟ ಮಜ್ಜಿಗೆಗೆ ಅಷ್ಟೇ ನೀರು ಬೆರೆಸಿ, ಮತ್ತೆ ಅದಕ್ಕೆ ಅಷ್ಟೇ ನೀರು ಬೆರೆಸಿದ ಹಾಗೆ. 1:2, 1:4, 1:8, 1:16, 1:32, 1:64 ಎಂಬುದು ಈ ತೆಳುವಿನ ಮೆಟ್ಟಿಲು. ಎಷ್ಟು ತೆಳುವಾದ ಮೇಲೂ ಕಣಗಳು ಗುಂಪುಗೂಡುತ್ತವೆಯೋ ಅದೇ ನಿಮ್ಮ ‘ಟೈಟರ್’. ಎರಡನೆಯ ಅಂಕಿ ದೊಡ್ಡದಿದ್ದಷ್ಟೂ ಪ್ರತಿಕಾಯ ಹೆಚ್ಚು.

ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. 1:8 ಇದ್ದದ್ದು 1:16 ಆದರೆ ಅದು ಪರೀಕ್ಷೆಯ ಸಹಜ ಹೆಚ್ಚುಕಡಿಮೆಯಿರಬಹುದು. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಬದಲಾದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1:64 ಇದ್ದದ್ದು 1:16ಕ್ಕೆ ಇಳಿದರೆ ಚಿಕಿತ್ಸೆ ಫಲಿಸುತ್ತಿದೆ. 1:4 ಇದ್ದದ್ದು 1:16ಕ್ಕೆ ಏರಿ ಎರಡು ವಾರಕ್ಕಿಂತ ಹೆಚ್ಚು ಕಾಲ ಹಾಗೆಯೇ ನಿಂತರೆ ಮರುಸೋಂಕೋ ಚಿಕಿತ್ಸೆಯ ವಿಫಲತೆಯೋ ಇರಬೇಕು. ಆರ್‌ಪಿಆರ್‌ನ ಅಂಕಿಯನ್ನು ವಿಡಿಆರ್‌ಎಲ್‌ನ ಅಂಕಿಯ ಜೊತೆ ಹೋಲಿಸಬಾರದು, ಎರಡರ ಅಳತೆ ಒಂದೇ ಅಲ್ಲ. ಸಾಧ್ಯವಾದಷ್ಟು ಒಂದೇ ಪರೀಕ್ಷೆಯನ್ನು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಬರೀ ‘ರಿಯಾಕ್ಟಿವ್’ ಎಂದಷ್ಟೇ ಬರೆದುಕೊಟ್ಟರೆ ಟೈಟರ್ ಎಷ್ಟೆಂದು ಕೇಳಿ ಬರೆಸಿಕೊಳ್ಳಿ. ಆರಂಭದ ಟೈಟರ್ ಇಲ್ಲದಿದ್ದರೆ ಆರು ತಿಂಗಳ ನಂತರ ಇಳಿದಿದೆಯೇ ಎಂದು ಹೇಳಲು ಯಾರಿಂದಲೂ ಆಗದು.

ಎಚ್‌ಐವಿ ಇರುವವರಲ್ಲಿ ಈ ಪರೀಕ್ಷೆಗಳು ಬಹುತೇಕ ಎಲ್ಲರಂತೆಯೇ ಸರಿಯಾಗಿ ಕೆಲಸ ಮಾಡುತ್ತವೆ. ಆದರೂ ಎರಡು ಸಂದರ್ಭಗಳಲ್ಲಿ ಅವು ದಾರಿ ತಪ್ಪಿಸಬಹುದು. ಸಿಫಿಲಿಸ್ ಇಲ್ಲದಿದ್ದರೂ ಆರ್‌ಪಿಆರ್ ಕಡಿಮೆ ಟೈಟರ್‌ನಲ್ಲಿ ಪಾಸಿಟಿವ್ ಬರುವುದುಂಟು, ಅದಕ್ಕಾಗಿಯೇ ಟಿಪಿಎಚ್‌ಎಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಇನ್ನೊಂದು ಇದಕ್ಕೆ ತೀರ ವಿರುದ್ಧ: ಎರಡನೆಯ ಹಂತದಲ್ಲಿ ಪ್ರತಿಕಾಯ ವಿಪರೀತ ಹೆಚ್ಚಿದ್ದಾಗ, ತೆಳುಮಾಡದ ಸೀರಮ್‌ನಲ್ಲಿ ಕಣಗಳು ಗುಂಪುಗೂಡದೆ ಪರೀಕ್ಷೆ ನೆಗೆಟಿವ್ ಎಂದು ಬಂದುಬಿಡುತ್ತದೆ. ಇದಕ್ಕೆ ಪ್ರೊಜೋನ್ ಪರಿಣಾಮ ಎನ್ನುತ್ತಾರೆ. ಚುಕ್ಕೆಗಳು ಕಣ್ಣೆದುರಿಗಿದ್ದೂ ಆರ್‌ಪಿಆರ್ ನೆಗೆಟಿವ್ ಎಂದರೆ, ಸೀರಮ್ಮನ್ನು ತೆಳುಮಾಡಿ ಮತ್ತೊಮ್ಮೆ ನೋಡುವಂತೆ ವೈದ್ಯರು ಹೇಳಬೇಕು; ಅವರು ಮರೆತಿದ್ದರೆ ನೀವು ನೆನಪಿಸಬಹುದು. ಇನ್ನು, ಹುಣ್ಣು ಎದ್ದ ಮೊದಲ ಒಂದೆರಡು ವಾರಗಳಲ್ಲಿ ಯಾವ ರಕ್ತ ಪರೀಕ್ಷೆಯೂ ಪಾಸಿಟಿವ್ ಆಗದಿರಬಹುದು. ಹುಣ್ಣನ್ನು ನೋಡಿಯೇ ಚಿಕಿತ್ಸೆ ಕೊಡುವುದು ಅಂಥಲ್ಲಿ ಸರಿಯಾದ ಕ್ರಮ.

ಕಣ್ಣು, ಕಿವಿ, ಮೆದುಳು

ಸಿಫಿಲಿಸ್ ಬ್ಯಾಕ್ಟೀರಿಯಾ ಸೋಂಕಿನ ಆರಂಭದ ದಿನಗಳಲ್ಲೇ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೇರಬಲ್ಲದು. ರೋಗನಿರೋಧಕ ಶಕ್ತಿ ಗಟ್ಟಿಯಿದ್ದವರ ದೇಹ ಅದನ್ನು ಅಲ್ಲಿಂದ ಹೊರಗಟ್ಟುತ್ತದೆ. ಶಕ್ತಿ ಕುಂದಿದವರಲ್ಲಿ ಅದು ಅಲ್ಲೇ ಉಳಿದು ನರಮಂಡಲವನ್ನು ಕೆಡಿಸಬಹುದು. ಸಿಡಿ4 ಎಣಿಕೆ 350 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ, ಹಾಗೆಯೇ ಆರ್‌ಪಿಆರ್ ಟೈಟರ್ 1:32 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ನರ ಸಿಫಿಲಿಸ್‌ನ ಸಾಧ್ಯತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಸಿಫಿಲಿಸ್‌ಗೂ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧ ಎರಡೂ ಕಡೆಯಿಂದ ನಡೆಯುತ್ತದೆ ಎನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ: ಸಿಫಿಲಿಸ್ ಸಿಡಿ4ಅನ್ನು ಸ್ವಲ್ಪ ಕಾಲ ಇಳಿಸುತ್ತದೆ, ಸಿಡಿ4 ಮೊದಲೇ ಇಳಿದಿದ್ದರೆ ಸಿಫಿಲಿಸ್ ಆಳಕ್ಕೆ ಇಳಿಯುತ್ತದೆ. ಎಆರ್‌ಟಿಯನ್ನು ಬಿಡದೆ ತೆಗೆದುಕೊಳ್ಳುವುದು ಆದ್ದರಿಂದಲೇ ಸಿಫಿಲಿಸ್‌ನ ಚಿಕಿತ್ಸೆಗೂ ದೊಡ್ಡ ಆಸರೆ.

ಸಿಫಿಲಿಸ್ ಇರುವುದು ತಿಳಿದ ಮೇಲೆ, ಅಥವಾ ಅದರ ಅನುಮಾನ ಇರುವಾಗ, ದೃಷ್ಟಿ ಮಂಜಾದರೆ, ಕಣ್ಣು ಕೆಂಪಾಗಿ ನೋಯತೊಡಗಿದರೆ, ಕಣ್ಣೆದುರು ಮಿಂಚು ಹೊಡೆದಂತಾದರೆ ಅಥವಾ ಕಪ್ಪು ಚುಕ್ಕೆಗಳು ತೇಲಿದರೆ, ಕಿವಿಯಲ್ಲಿ ಗುಂಯ್‌ಗುಡುವ ಸದ್ದಾದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಲೆ ಸುತ್ತಿ ನಡಿಗೆ ತಪ್ಪಿದರೆ, ಬಿಡದ ತಲೆನೋವು, ಕುತ್ತಿಗೆ ಬಿಗಿತ, ಮುಖದ ಒಂದು ಪಕ್ಕ ಸೋಲುವುದು, ಮಾತು ತೊದಲುವುದು, ಮರೆವು, ನಡವಳಿಕೆಯಲ್ಲಿ ಬದಲಾವಣೆ ಕಂಡರೆ, ಮುಂದಿನ ತಿಂಗಳ ಮಾತ್ರೆ ತರಲು ಹೋಗುವ ದಿನದವರೆಗೆ ಕಾಯಬೇಡಿ. ಅದೇ ದಿನ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ. ಅಲ್ಲಿ ‘ನನಗೆ ಎಚ್‌ಐವಿ ಇದೆ, ಸಿಫಿಲಿಸ್ ಕೂಡ ಇದೆ’ ಎಂದು ಎರಡನ್ನೂ ಒಟ್ಟಿಗೆ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಕಣ್ಣಿನ ವೈದ್ಯರು ಬೇರೆ ಕಾರಣ ಹುಡುಕುತ್ತ ದಿನ ಕಳೆಯಬಹುದು. ನರ, ಕಣ್ಣು, ಕಿವಿಯ ಸಿಫಿಲಿಸ್‌ಗೆ ಸೊಂಟದ ಕೆಳಗೆ ಕೊಡುವ ಒಂದು ಇಂಜೆಕ್ಷನ್ ಸಾಲುವುದಿಲ್ಲ. ಆಸ್ಪತ್ರೆಯಲ್ಲಿ ಸೇರಿಸಿಕೊಂಡು ದಿನಕ್ಕೆ 180ರಿಂದ 240 ಲಕ್ಷ ಯೂನಿಟ್ ಪೆನಿಸಿಲಿನ್‌ಅನ್ನು ರಕ್ತನಾಳದ ಮೂಲಕ 10ರಿಂದ 14 ದಿನ ಕೊಡುತ್ತಾರೆ. ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸಬೇಕೇ ಎಂಬುದನ್ನು ಲಕ್ಷಣಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ನರಮಂಡಲದ ಯಾವ ಲಕ್ಷಣವೂ ಇಲ್ಲದ ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಇಂಜೆಕ್ಷನ್‌ನ ದಿನ

1943ರಲ್ಲಿ ಅಮೆರಿಕದ ವೈದ್ಯ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಸಿಫಿಲಿಸ್ ವಾಸಿಮಾಡಿದರು. ಎಂಬತ್ತು ವರ್ಷ ದಾಟಿದರೂ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ನಿರೋಧ ಬೆಳೆಸಿಕೊಂಡಿಲ್ಲ, ಇದು ನಮ್ಮ ಅದೃಷ್ಟವೆಂದೇ ಹೇಳಬೇಕು. ಸೋಂಕು ತಗುಲಿ ಒಂದು ವರ್ಷದೊಳಗಿನ ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಬಾರಿ. ಎಚ್‌ಐವಿ ಇದ್ದರೂ ಇಷ್ಟೇ. ಎಚ್‌ಐವಿ ಇರುವವರಿಗೆ ಮೂರು ಬಾರಿ ಕೊಡುವುದು ಮೇಲೆಂದು ಹಲವು ವೈದ್ಯರು ಬಹಳ ಕಾಲ ನಂಬಿದ್ದರು. 2025ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 249 ಜನ ಭಾಗವಹಿಸಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎಚ್‌ಐವಿ ಇತ್ತು; ಆರಂಭಿಕ ಸಿಫಿಲಿಸ್‌ಗೆ ಒಂದು ಡೋಸ್ ಮೂರು ಡೋಸ್‌ಗಿಂತ ಕಡಿಮೆಯೇನೂ ಅಲ್ಲವೆಂದು ಅದು ತೋರಿಸಿತು. ಸೋಂಕು ಯಾವಾಗ ತಗುಲಿತೆಂದು ಗೊತ್ತಿಲ್ಲದಿದ್ದರೆ, ಅಥವಾ ಹಳೆಯದಿದ್ದರೆ, ವಾರಕ್ಕೊಂದರಂತೆ ಮೂರು ವಾರ ಮೂರು ಡೋಸ್ ಬೇಕು. ಎರಡನೆಯ ವಾರ ತಪ್ಪಿಸಿಕೊಂಡು ತಿಂಗಳ ನಂತರ ಬಂದರೆ ಮೊದಲಿನಿಂದ ಆರಂಭಿಸಬೇಕಾಗಬಹುದು, ಆದ್ದರಿಂದ ಮೂರೂ ದಿನಾಂಕಗಳನ್ನು ಮೊದಲ ದಿನವೇ ಬರೆದುಕೊಂಡು ಕೆಲಸಕ್ಕೆ ರಜೆ ಹೊಂದಿಸಿಕೊಳ್ಳಿ.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳ ಔಷಧಿ ಬಣ್ಣದ ಕಿಟ್‌ಗಳಲ್ಲಿ ಉಚಿತವಾಗಿ ಸಿಗುತ್ತದೆ. ಜನನಾಂಗದ ಹುಣ್ಣಿಗೆ ಕೊಡುವ ಬಿಳಿ ಕಿಟ್‌ನಲ್ಲಿ ಈ ಪೆನಿಸಿಲಿನ್ ಇರುತ್ತದೆ, ಪೆನಿಸಿಲಿನ್ ಅಲರ್ಜಿಯಿರುವವರಿಗೆ ನೀಲಿ ಕಿಟ್. ಸೀಸೆಯಲ್ಲಿರುವ ಪುಡಿಗೆ ಶುದ್ಧ ನೀರು ಹಾಕಿ ಕುಲುಕಿದಾಗ ಅದು ಗಟ್ಟಿ ಹಾಲಿನಂತಾಗುತ್ತದೆ. ಇದು ಮಂದವಾದ ಔಷಧಿ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ದಪ್ಪ ಸೂಜಿ ಬಳಸುತ್ತಾರೆ. ಒಂದೊಂದು ಪೃಷ್ಠಕ್ಕೆ 12 ಲಕ್ಷದಂತೆ ಎರಡೂ ಕಡೆ, ಸ್ನಾಯುವಿನೊಳಗೆ ನಿಧಾನವಾಗಿ ಕೊಡುತ್ತಾರೆ. ನೋವಾಗುತ್ತದೆ, ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಕಾಲನ್ನು ಸಡಿಲ ಬಿಟ್ಟು ಮಗ್ಗುಲಾಗಿ ಮಲಗಿದರೆ ನೋವು ಕಡಿಮೆ, ಆಮೇಲೆ ಹತ್ತು ನಿಮಿಷ ನಿಧಾನವಾಗಿ ನಡೆದಾಡಿದರೆ ಬಿಗಿತ ಸಡಿಲವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲೇ ಕುಳಿತಿರಿ. ಹಿಂದೆಂದಾದರೂ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್‌ನಿಂದ ಮೈ ದದ್ದು, ತುಟಿ ಊತ, ಉಸಿರು ಕಟ್ಟುವಿಕೆ ಆಗಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಬೇಕು.

ಆ ದಿನ ಸಂಜೆಯೋ ರಾತ್ರಿಯೋ ಚಳಿ ಹಿಡಿದು ಜ್ವರ ಬರಬಹುದು, ಮೈಕೈ ನೋವು, ತಲೆನೋವು, ಮೈಮೇಲಿನ ಚುಕ್ಕೆಗಳು ಇನ್ನಷ್ಟು ಕೆಂಪಾಗುವುದು ಎಲ್ಲವೂ ಆಗಬಹುದು. ಸತ್ತ ಬ್ಯಾಕ್ಟೀರಿಯಾಗಳಿಂದ ಹೊರಬಿದ್ದ ವಸ್ತುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಇದು. ಇದಕ್ಕೆ ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಹೆಸರು. ಇದು ಅಲರ್ಜಿಯಲ್ಲ, ಔಷಧಿ ಕೆಲಸ ಮಾಡುತ್ತಿದೆಯೆಂಬುದರ ಗುರುತು. ಪ್ಯಾರಾಸಿಟಮಾಲ್ ತೆಗೆದುಕೊಂಡು ಚೆನ್ನಾಗಿ ನೀರು ಕುಡಿದು ಮಲಗಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿಯುತ್ತದೆ. ಗರ್ಭಿಣಿಯರು ಮಾತ್ರ, ಹೊಟ್ಟೆ ಬಿಗಿಯತೊಡಗಿದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪೆನಿಸಿಲಿನ್ ಆಗದವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ, ಹೊಸ ಸೋಂಕಿಗೆ ಎರಡು ವಾರ, ಹಳೆಯದಕ್ಕೆ ನಾಲ್ಕು ವಾರ ಕೊಡುತ್ತಾರೆ. ಈಗ ಹೆಚ್ಚಿನವರು ತೆಗೆದುಕೊಳ್ಳುತ್ತಿರುವ ಟೆನೊಫೊವಿರ್, ಲಾಮಿವುಡಿನ್, ಡಾಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆಯ ಜೊತೆ ಪೆನಿಸಿಲಿನ್‌ಗಾಗಲಿ ಡಾಕ್ಸಿಸೈಕ್ಲಿನ್‌ಗಾಗಲಿ ತಕರಾರಿಲ್ಲ. ತಕರಾರಿರುವುದು ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳು ಮತ್ತು ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್‌ಗಳದ್ದು. ಇವು ಡಾಕ್ಸಿಸೈಕ್ಲಿನ್‌ಅನ್ನೂ ಡಾಲುಟೆಗ್ರಾವಿರ್‌ಅನ್ನೂ ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಡಾಕ್ಸಿಸೈಕ್ಲಿನ್ ನುಂಗಿದಾಗ ಹೊಟ್ಟೆ ಉರಿಯುತ್ತದೆಂದು ಆಂಟಾಸಿಡ್ ಕುಡಿದು, ಅದರ ಹಿಂದೆಯೇ ಎಆರ್‌ಟಿ ಮಾತ್ರೆ ನುಂಗಿದರೆ ಎರಡೂ ಔಷಧಿಗಳು ವ್ಯರ್ಥವಾಗುವ ಸಂಭವವಿದೆ. ಡಾಕ್ಸಿಸೈಕ್ಲಿನ್‌ಅನ್ನು ಊಟದ ನಂತರ ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಇರಿ. ಆಂಟಾಸಿಡ್ ಬೇಕೇ ಬೇಕೆಂದರೆ ಎಆರ್‌ಟಿ ಮಾತ್ರೆಯನ್ನು ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಅವರಿಗೆ ಅಲರ್ಜಿಯಿದ್ದರೂ ಆಸ್ಪತ್ರೆಯಲ್ಲಿಟ್ಟುಕೊಂಡು ದೇಹವನ್ನು ಒಗ್ಗಿಸಿ ಪೆನಿಸಿಲಿನ್ನೇ ಕೊಡಬೇಕಾಗುತ್ತದೆ, ಏಕೆಂದರೆ ಹೊಟ್ಟೆಯಲ್ಲಿರುವ ಮಗುವನ್ನು ಸಿಫಿಲಿಸ್‌ನಿಂದ ಕಾಪಾಡುತ್ತದೆಂದು ನಂಬಬಹುದಾದ ಬೇರೆ ಔಷಧಿಯಿಲ್ಲ. ಅಜಿಥ್ರೊಮೈಸಿನ್‌ಗೆ ಈ ಬ್ಯಾಕ್ಟೀರಿಯಾ ಹಲವು ದೇಶಗಳಲ್ಲಿ ನಿರೋಧ ಬೆಳೆಸಿಕೊಂಡಿದೆ, ಅಂಗಡಿಯಲ್ಲಿ ಕೇಳಿ ಅದನ್ನು ನುಂಗಿ ವಾಸಿಯಾಯಿತೆಂದು ಭಾವಿಸಬೇಡಿ.

ಚಿಕಿತ್ಸೆಯ ನಂತರದ ಎರಡು ವರ್ಷ

ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಎಷ್ಟೋ ಮಂದಿ ಚುಕ್ಕೆಗಳು ಮಾಯವಾದೊಡನೆ ವಿಷಯವನ್ನೇ ಮರೆತುಬಿಡುತ್ತಾರೆ. ಎಚ್‌ಐವಿ ಇರುವವರು ಚಿಕಿತ್ಸೆಯಾದ 3, 6, 9, 12 ಮತ್ತು 24ನೆಯ ತಿಂಗಳಲ್ಲಿ ಆರ್‌ಪಿಆರ್ ಮಾಡಿಸಬೇಕು. ಅವರಲ್ಲಿ ಟೈಟರ್ ಇಳಿಯುವುದು ಕೆಲವೊಮ್ಮೆ ನಿಧಾನ. ಹೊಸ ಸೋಂಕಾಗಿದ್ದರೆ ಒಂದು ವರ್ಷದೊಳಗೆ, ಹಳೆಯದಾಗಿದ್ದರೆ ಎರಡು ವರ್ಷದೊಳಗೆ ನಾಲ್ಕು ಪಟ್ಟು ಇಳಿದರೆ ಚಿಕಿತ್ಸೆ ಸಫಲವೆಂದು ಲೆಕ್ಕ. ಕೆಲವರಲ್ಲಿ ಟೈಟರ್ ಇಳಿದು 1:2 ಅಥವಾ 1:4ರಲ್ಲಿ ನಿಂತುಬಿಡುತ್ತದೆ, ಸೊನ್ನೆಯಾಗುವುದೇ ಇಲ್ಲ. ಅದರಿಂದ ಕಳವಳಪಟ್ಟು ಮತ್ತೆ ಮತ್ತೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿಲ್ಲ. ಆ ನಿಂತ ಅಂಕಿಯೇ ಮುಂದೆ ನಿಮ್ಮ ಆಧಾರ ಮಟ್ಟ. ಅದರಿಂದ ನಾಲ್ಕು ಪಟ್ಟು ಏರಿದಾಗ ಮಾತ್ರ ಹೊಸ ಸೋಂಕಿನ ಅನುಮಾನ.

ನಾವು ಆರಂಭದಲ್ಲಿ ನೋಡಿದವರ ಲೆಕ್ಕವನ್ನು ಮುಂದುವರಿಸುವುದಾದರೆ, ಅವರ ವರದಿಗಳು ಸರಿಸುಮಾರು ಹೀಗೆ ಸಾಗುತ್ತವೆ: ಮೂರನೆಯ ತಿಂಗಳಿಗೆ 1:32, ಆರನೆಯ ತಿಂಗಳಿಗೆ 1:8, ವರ್ಷಕ್ಕೆ 1:4. ಮೂರು ತಿಂಗಳ ನಂತರದ ವೈರಲ್ ಲೋಡ್ ಮತ್ತೆ ಪತ್ತೆಯಾಗದ ಮಟ್ಟಕ್ಕೆ ಬರುತ್ತದೆ, ಆರು ತಿಂಗಳ ನಂತರದ ಸಿಡಿ4 620ರ ಆಸುಪಾಸಿಗೆ. ಈ ನಡುವೆ ಅವರು ಎಆರ್‌ಟಿಯನ್ನು ಬದಲಿಸಿಲ್ಲ, ಬದಲಿಸುವ ಅಗತ್ಯವೂ ಇರಲಿಲ್ಲ. ಜ್ವರ, ಚುಕ್ಕೆಗಳ ನಡುವೆ ತೆಗೆದ ಸಿಡಿ4 ಎಣಿಕೆಯನ್ನು ಶಾಶ್ವತ ಅಂಕಿಯೆಂದು ತಿಳಿಯಬಾರದು. ಯಾವುದೇ ತೀವ್ರ ಸೋಂಕಿನ ನಡುವೆ ಸಿಡಿ4 ಇಳಿಯುತ್ತದೆ, ದಿನದ ಬೆಳಗು ಸಂಜೆಗೂ ಅದು ಬದಲಾಗುತ್ತದೆ. ಆದರೆ ಆ ಸಮಯದಲ್ಲೇ ಎಣಿಕೆ 200ಕ್ಕಿಂತ ಕೆಳಗೆ ಬಂದಿದ್ದರೆ, ಸಿಫಿಲಿಸ್ ಕಾರಣವೆಂದು ಹೇಳಿ ಬಿಡದೆ ಕ್ಷಯ ಮುಂತಾದವುಗಳ ತಪಾಸಣೆಯನ್ನೂ, ಇತರ ಸೋಂಕುಗಳು ಬಾರದಂತೆ ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆಯ ವಿಚಾರವನ್ನೂ ವೈದ್ಯರ ಜೊತೆ ಅದೇ ದಿನ ಮಾತನಾಡಬೇಕು.

ಸಂಗಾತಿಗೆ ಹೇಳುವುದು

ಕಳೆದ 90 ದಿನಗಳಲ್ಲಿ ನಿಮ್ಮೊಡನೆ ಲೈಂಗಿಕ ಸಂಪರ್ಕ ಇದ್ದವರಿಗೆ, ಅವರ ಪರೀಕ್ಷೆ ನೆಗೆಟಿವ್ ಬಂದರೂ, ಚಿಕಿತ್ಸೆ ಕೊಡಬೇಕು. ಅದಕ್ಕೂ ಹಿಂದಿನವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹುಣ್ಣುಗಳು ಪೂರ್ತಿ ಮಾಯುವವರೆಗೆ, ಚಿಕಿತ್ಸೆಯಾಗಿ ಕನಿಷ್ಠ ಒಂದು ವಾರದವರೆಗೆ, ಸಂಗಾತಿಗೂ ಚಿಕಿತ್ಸೆ ಆಗುವವರೆಗೆ ಸಂಪರ್ಕ ಬೇಡ. ಒಬ್ಬರಿಗೆ ಮಾತ್ರ ಇಂಜೆಕ್ಷನ್ ಕೊಟ್ಟರೆ ರೋಗ ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ.

ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿ ಸ್ಥಿರವಾಗಿದ್ದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಇದು ಹಲವು ದೊಡ್ಡ ಅಧ್ಯಯನಗಳಿಂದ ಗಟ್ಟಿಯಾದ ಸತ್ಯ, ಈ ಮಾತು ಎಷ್ಟೋ ದಂಪತಿಗಳ ಬದುಕನ್ನು ಹಗುರಮಾಡಿದೆ. ಆದರೆ ಸಿಫಿಲಿಸ್ ಹರಡದಂತೆ ಅದು ತಡೆಯುವುದಿಲ್ಲ. ಕಾಂಡೋಮ್ ಅಪಾಯವನ್ನು ಬಹಳ ಕಡಿಮೆ ಮಾಡುತ್ತದೆ, ಆದರೂ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಸೋಂಕು ದಾಟಬಹುದು. ಬಾಯಿಯ ಮೂಲಕ ನಡೆಯುವ ಸಂಪರ್ಕದಲ್ಲೂ ದಾಟುತ್ತದೆ. ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ಎಚ್‌ಐವಿ ಮತ್ತು ಸಿಫಿಲಿಸ್ ಎರಡಕ್ಕೂ ಪರೀಕ್ಷೆ ಮಾಡಿಸಬೇಕು. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಪೆನಿಸಿಲಿನ್ ಆರಂಭವಾಗಿರಬೇಕು; ಬೇಗ ಆದಷ್ಟೂ ಮಗುವಿಗೆ ಒಳ್ಳೆಯದು.

ಸಂಗಾತಿಗೆ ತಾವೇ ಹೇಳಲು ಧೈರ್ಯ ಸಾಲದವರು ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಅಥವಾ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ನೆರವು ಕೇಳಬಹುದು, ಇಬ್ಬರನ್ನೂ ಒಟ್ಟಿಗೆ ಕರೆತಂದು ಅವರೆದುರೇ ಮಾತನಾಡಬಹುದು. ನಿಮ್ಮ ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡುವುದು ಅವರ ಕರ್ತವ್ಯ, 2017ರ ಎಚ್‌ಐವಿ ಕಾಯಿದೆಯು ಅದನ್ನು ಕಾನೂನಾಗಿಯೇ ಮಾಡಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 1097 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಹತ್ತಿರದ ಕೇಂದ್ರದ ವಿವರ ಪಡೆಯಬಹುದು. ಹೋಗುವಾಗ ಎಆರ್‌ಟಿ ಪುಸ್ತಕ ಜೊತೆಗಿರಲಿ. ಅದರ ಕೊನೆಯ ಪುಟದಲ್ಲಿ ಇಂಜೆಕ್ಷನ್ ತೆಗೆದುಕೊಂಡ ದಿನಾಂಕ, ಆ ದಿನದ ಆರ್‌ಪಿಆರ್ ಟೈಟರ್, ಮುಂದಿನ ಪರೀಕ್ಷೆಯ ತಿಂಗಳು ಈ ಮೂರನ್ನು ಬರೆದಿಟ್ಟರೆ, ಊರು ಬದಲಾಗಿ ಬೇರೆ ಕೇಂದ್ರಕ್ಕೆ ಹೋದಾಗಲೂ ಅಲ್ಲಿಯ ವೈದ್ಯರು ಟೈಟರ್ ಇಳಿದಿದೆಯೇ ಇಲ್ಲವೇ ಎಂಬುದನ್ನು ಒಂದೇ ನೋಟಕ್ಕೆ ಹೇಳಬಲ್ಲರು.